ಹವಾಯಿಯ ಬಿಗ್ ಐಲೆಂಡ್‌ನಲ್ಲಿ ಮನೆ ಕೊಳ್ಳುವವರು ಮೊದಲು ಮಳೆ ನೋಡಿ

ಹವಾಯಿಯ ಬಿಗ್ ಐಲೆಂಡ್‌ನಲ್ಲಿ ರಜೆಗೊಂದು ಮನೆ ಮಾಡಬೇಕೆಂದು ಕ್ಯಾಲಿಫೋರ್ನಿಯಾದ ಕನ್ನಡ ಗೆಳೆಯರು ಯಾರೇ ಕೇಳಲಿ, ನಾನು ಬೆಲೆಯ ಮಾತೆತ್ತುವುದಿಲ್ಲ. ಎಷ್ಟು ಮಳೆ ತಡೆದುಕೊಳ್ಳುತ್ತೀರಿ ಎಂದು ಮೊದಲು ಕೇಳುತ್ತೇನೆ.

ಈಶಾನ್ಯದ ಗಾಳಿ ತರುವ ಮೋಡವನ್ನು ಮೌನಾ ಕೇಯ, ಮೌನಾ ಲೋವಾ ಪರ್ವತಗಳು ತಡೆಯುತ್ತವೆ. ಪೂರ್ವದ ಹಿಲೋದಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಪಶ್ಚಿಮದ ಕೊಹಾಲಾ ಕರಾವಳಿಯಲ್ಲಿ ಸುಮಾರು 250. ಆಗುಂಬೆ ಮತ್ತು ಚಿತ್ರದುರ್ಗ ಒಂದೇ ದ್ವೀಪದಲ್ಲಿದ್ದಂತೆ. ಎತ್ತರವೂ ಲೆಕ್ಕಕ್ಕೆ ಬರುತ್ತದೆ: ಸುಮಾರು 800 ಮೀಟರ್ ಎತ್ತರದ ವೈಮೆಯಾದಲ್ಲಿ ರಾತ್ರಿ ಸ್ವೆಟರ್ ಬೇಕು, 4,207 ಮೀಟರಿನ ಮೌನಾ ಕೇಯದ ನೆತ್ತಿಗೆ ಚಳಿಗಾಲದಲ್ಲಿ ಹಿಮ ಬೀಳುತ್ತದೆ. ನಾನು ತೀರ್ಥಹಳ್ಳಿ ಕಡೆಯವಳು, ಹಿಲೋ ಬದಿಯನ್ನೇ ಆರಿಸಿಕೊಂಡೆ. ಬಿಸಿಲೇ ಬೇಕೆನ್ನುವವರು ಅತ್ತ ಹೋಗಬೇಡಿ.

ಹಿಲೋ ಅಥವಾ ಪಕ್ಕದ ಪುನಾ ಜಿಲ್ಲೆಯ ಮನೆಯನ್ನು ಮಳೆ ಹಿಡಿದ ದಿನವೇ ನೋಡಿ. ಕಪಾಟಿನ ಬಾಗಿಲು ತೆರೆದು ಮೂಸಿ, ಹಾಸಿಗೆ ಎತ್ತಿ ಅಡಿಭಾಗ ನೋಡಿ. ಬೂಷ್ಟಿದ್ದರೆ ಅಲ್ಲೇ ತಿಳಿಯುತ್ತದೆ. ಪುನಾದ ಎಷ್ಟೋ ಮನೆಗಳಿಗೆ ನಲ್ಲಿ ನೀರಿಲ್ಲ, ಮಾಡಿನ ನೀರು ತೊಟ್ಟಿಗೆ ಇಳಿಯುತ್ತದೆ. ಮಾಡಿನ ಬಣ್ಣದಲ್ಲಿ ಸೀಸವಿದೆಯೇ, ತೊಟ್ಟಿಯ ಒಳಪದರ ಹರಿದಿದೆಯೇ, ನೀರು ಶುದ್ಧೀಕರಿಸುವ ಅತಿನೇರಳೆ (ಯುವಿ) ದೀಪ ಉರಿಯುತ್ತಿದೆಯೇ ಎಂದು ಪರೀಕ್ಷಿಸಿ. ಶೌಚಕ್ಕೆ ಬರೀ ಇಂಗುಗುಂಡಿ ಇದ್ದರೆ 2050ರೊಳಗೆ ಬದಲಾಯಿಸಬೇಕೆಂಬ ಕಾನೂನಿದೆ. ಆ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಿ. ಕತ್ತಲಾದ ಮೇಲೆ ಇನ್ನೊಮ್ಮೆ ಹೋಗಿ ನಿಲ್ಲಿ. ಪೋರ್ಟೊ ರಿಕೊದಿಂದ ಬಂದು ನೆಲೆಸಿದ ಕೊಕೀ ಕಪ್ಪೆಗಳು ರಾತ್ರಿಯಿಡೀ ಕೂಗುತ್ತವೆ. ನನಗೆ ಅದರಲ್ಲೇ ನಿದ್ದೆ ಬರುತ್ತದೆ, ಎಲ್ಲರಿಗೂ ಬರುವುದಿಲ್ಲ.

ಪುನಾದಲ್ಲಿ ಮನೆ ಅಗ್ಗವೆಂದರೆ ಲಾವಾ ನಕ್ಷೆ ತೆರೆಯಿರಿ. ದ್ವೀಪವನ್ನು 9 ವಲಯಗಳಾಗಿ ವಿಂಗಡಿಸಿದ್ದಾರೆ. 1ನೆಯದು ಅತಿ ಅಪಾಯದ್ದು. 2018ರಲ್ಲಿ ಕಿಲೌಯೆಯಾ ಜ್ವಾಲಾಮುಖಿ ಉಕ್ಕಿ, ಲೈಲಾನಿ ಎಸ್ಟೇಟ್ಸ್ ಸೇರಿದಂತೆ ಆ ಭಾಗದಲ್ಲಿ 700ಕ್ಕೂ ಹೆಚ್ಚು ಮನೆಗಳು ಹೋದವು. 1 ಮತ್ತು 2ನೇ ವಲಯಗಳಿಗೆ ಸಾಲ ಕೊಡಲು ಬ್ಯಾಂಕುಗಳು ಹಿಂಜರಿಯುತ್ತವೆ, ವಿಮೆ ದುಬಾರಿ. ವಿಮೆಯ ದರ ಕೈಗೆ ಬರುವವರೆಗೆ ಮುಂಗಡ ಕೊಡಲೇಬೇಡಿ.

ನೆಲ ಸ್ವಂತದ್ದೋ ಗುತ್ತಿಗೆಯದ್ದೋ ಕೇಳಿ. ಮೂಲ ಮನೆಗೆ ನಂತರ ಸೇರಿಸಿ ಕಟ್ಟಿದ ಕೋಣೆಗಳಿಗೆ ಕೌಂಟಿಯ (ಸ್ಥಳೀಯ ಆಡಳಿತದ) ಪರವಾನಗಿ ಇದೆಯೇ ನೋಡಿ.

ಬಾಡಿಗೆಯಿಂದ ಕಂತು ತುಂಬುವ ಯೋಚನೆಯಿದ್ದರೆ ಎಚ್ಚರ: ಮಾಲೀಕರು ವಾಸಿಸದ ಮನೆಯನ್ನು ಅಲ್ಪಾವಧಿಗೆ ಕೊಡುವುದಕ್ಕೆ 2019ರಿಂದ ಕೌಂಟಿಯ ನಿರ್ಬಂಧವಿದೆ, ಹೊಸಬರಿಗೆ ಅವಕಾಶ ಮುಖ್ಯವಾಗಿ ರೆಸಾರ್ಟ್, ವಾಣಿಜ್ಯ ವಲಯಗಳಲ್ಲಿ.

ಬೆಂಗಳೂರಿನಿಂದ ಹಣ ಕಳಿಸುವವರಿಗೆ ರಿಸರ್ವ್ ಬ್ಯಾಂಕಿನ ಮಿತಿ ಒಬ್ಬರಿಗೆ ಆರ್ಥಿಕ ವರ್ಷಕ್ಕೆ 2,50,000 ಡಾಲರ್. ಆಸ್ತಿಯನ್ನು ಭಾರತದ ಆದಾಯ ತೆರಿಗೆ ವಿವರದಲ್ಲೂ ತೋರಿಸಬೇಕು. ಮಾರುವ ದಿನ ವಿದೇಶಿ ಮಾಲೀಕರ ಮಾರಾಟದ ಮೊತ್ತದಲ್ಲಿ ಸಾಮಾನ್ಯವಾಗಿ ಶೇ. 15ನ್ನು ಅಮೆರಿಕ ಸರ್ಕಾರಕ್ಕೆ, ಶೇ. 7.25ನ್ನು ಹವಾಯಿ ರಾಜ್ಯಕ್ಕೆ ಮೊದಲೇ ಹಿಡಿಯುತ್ತಾರೆ. ಹೆಚ್ಚಾದದ್ದು ತೆರಿಗೆ ಲೆಕ್ಕ ಸಲ್ಲಿಸಿದ ಮೇಲೆ ವಾಪಸ್ ಬರುತ್ತದೆ. ಆದ್ದರಿಂದ ಕೊಳ್ಳುವಾಗಿನ ಪ್ರತಿ ರಸೀದಿಯನ್ನೂ ಜೋಪಾನ ಮಾಡಿ.