ಗಡಿಯ ಟೆಂಟಿನಲ್ಲಿ ಸರ್ಜರಿ: ಎಲ್ಲಿಗೆ ಕೈ ನಿಲ್ಲಿಸಬೇಕು

ಲಡಾಖ್‌ನ ಎತ್ತರದಲ್ಲಿ ಫಾರ್ವರ್ಡ್ ಸರ್ಜಿಕಲ್ ಸೆಂಟರ್ (ಮುಂಚೂಣಿಯ ತುರ್ತು ಶಸ್ತ್ರಚಿಕಿತ್ಸಾ ಟೆಂಟ್) ಹೂಡುವಾಗ ನಾವು ಮೊದಲು ಹಚ್ಚುವುದು ಹೀಟರ್, ಆಮೇಲೆ ಉಳಿದದ್ದು. ಗಾಯಾಳುವಿನ ಮೈ 34 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಎಷ್ಟು ಹೊಲಿದರೂ ರಕ್ತ ಜಿನುಗುತ್ತಲೇ ಇರುತ್ತದೆ. ಒದ್ದೆ ಬಟ್ಟೆ ಕತ್ತರಿಸಿ ತೆಗೆದು ಒಣ ಕಂಬಳಿ ಹೊದಿಸುತ್ತೇವೆ. ಕೊಡುವ ರಕ್ತ ವಾರ್ಮರ್ (ಬೆಚ್ಚಗಾಗಿಸುವ ಯಂತ್ರ) ಮೂಲಕವೇ ಹೋಗಬೇಕು. ಚಳಿಗೆ ಅದರ ಬ್ಯಾಟರಿ ಬೇಗ ಇಳಿಯುತ್ತದೆ, ಬದಲಿ ಬ್ಯಾಟರಿ ಜಾಕೆಟ್ಟಿನ ಒಳಜೇಬಿನಲ್ಲಿರಲಿ.

ಟೂರ್ನಿಕೆಟ್ (ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಪಟ್ಟಿ) ಗಾಯಕ್ಕಿಂತ 5–7 ಸೆಂ.ಮೀ. ಮೇಲೆ, ಕೀಲು ಬಿಟ್ಟು ಇದೆಯೇ ನೋಡಿ. ಸಡಿಲವಾಗಿ ಕಟ್ಟಿದ್ದು ಅಪಾಯಕಾರಿ: ಅಭಿಧಮನಿ ಮುಚ್ಚಿ ಅಪಧಮನಿ ತೆರೆದೇ ಉಳಿಯುತ್ತದೆ, ರಕ್ತಸ್ರಾವ ಹೆಚ್ಚುತ್ತದೆ. ಕಟ್ಟಿದ ಗರಣೆ ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆ್ಯಸಿಡ್ 1 ಗ್ರಾಂ, 10 ನಿಮಿಷದಲ್ಲಿ ಕೊಡುತ್ತೇವೆ. ಗಾಯವಾಗಿ 3 ಗಂಟೆ ದಾಟಿದ್ದರೆ ಕೊಡುವುದಿಲ್ಲ, ಆಗ ಅದರಿಂದ ಹಾನಿಯೇ ಹೆಚ್ಚು.

ಸಲೈನ್ ಸುರಿಯಬೇಡಿ, ರಕ್ತವನ್ನು ತೆಳುವಾಗಿಸಿ ತಣ್ಣಗೂ ಮಾಡುತ್ತದೆ. ಮುಂಚೂಣಿಯಲ್ಲಿ ಪ್ಲೇಟ್‌ಲೆಟ್ ಸಿಗುವುದು ಕಷ್ಟ, ಹಾಗಾಗಿ ಮೊದಲೇ ತಪಾಸಣೆಯಾದ ಯೋಧರಿಂದ ತಾಜಾ ಹೋಲ್ ಬ್ಲಡ್ (ಘಟಕಗಳಾಗಿ ಬೇರ್ಪಡಿಸದ ರಕ್ತ) ತೆಗೆಯುತ್ತೇವೆ. 450 ಮಿ.ಲೀ. ಚೀಲವನ್ನು ತೂಕ ನೋಡುತ್ತಲೇ ತುಂಬಿಸಿ. ಹೆಚ್ಚಾದರೆ ಚೀಲದಲ್ಲಿರುವ, ಹೆಪ್ಪು ತಡೆಯುವ ಸಿಟ್ರೇಟ್ ಸಾಲದೆ ಒಳಗೇ ಗರಣೆ ಕಟ್ಟುತ್ತದೆ. ಅದೇ ಸಿಟ್ರೇಟ್ ಮೈಯ ಕ್ಯಾಲ್ಸಿಯಂ ಹಿಡಿದಿಡುವುದರಿಂದ ಮೊದಲ ಚೀಲ ಹೋದ ಕೂಡಲೇ 1 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಕೊಡಿ.

ಹೊಟ್ಟೆ ತೆರೆದಾಗ ಗರಣೆಯನ್ನು ಕೈಯಲ್ಲೇ ಬಾಚಿ, ನಾಲ್ಕೂ ಮೂಲೆಗೆ ಮಾಪ್ (ರಕ್ತ ಹೀರುವ ದೊಡ್ಡ ಹತ್ತಿಬಟ್ಟೆ) ತುರುಕಿ, ಸುಮ್ಮನೆ ಒತ್ತಿ ಹಿಡಿಯುತ್ತೇವೆ. ಅರಿವಳಿಕೆ ವೈದ್ಯರು ಬಿ.ಪಿ. ಮೇಲೆತ್ತುವವರೆಗೆ ಮುಂದಿನ ಹೆಜ್ಜೆ ಇಡುವುದಿಲ್ಲ. ಯಕೃತ್ತು ಸೀಳಿದ್ದರೆ ಎರಡೂ ಅಂಗೈಯಿಂದ ಅಂಚುಗಳನ್ನು ಕೂಡಿಸಿ ಹಿಡಿದು, ಮೇಲೂ ಕೆಳಗೂ ಮಾಪ್ ಇಡುತ್ತೇವೆ. ಸೀಳಿನ ಒಳಗೆ ತುರುಕಿದರೆ ಸೀಳು ಇನ್ನೂ ಬಾಯಿಬಿಡುತ್ತದೆ. ತೂತಾದ ಕರುಳಿನ ಎರಡೂ ಬದಿ ಟೇಪಿನಲ್ಲಿ ಕಟ್ಟಿದರೆ ಸಾಕು, ಜೋಡಿಸುವ ಕೆಲಸ ಮುಂಚೂಣಿಯ ಹಿಂದಿರುವ ದೊಡ್ಡ ಆಸ್ಪತ್ರೆಯದು. ಎಷ್ಟು ನುರಿತ ಸರ್ಜನ್‌ಗೂ ಇಲ್ಲೇ ಕೈ ತಡೆಯುವುದು ಕಷ್ಟ. ಆದರೆ ಮೇಜಿನ ಮೇಲೆ 60–90 ನಿಮಿಷ ಮೀರಿದಷ್ಟೂ ಮೈ ತಣ್ಣಗಾಗುತ್ತದೆ, ರಕ್ತ ಆಮ್ಲೀಯವಾಗುತ್ತದೆ, ಹೆಪ್ಪುಗಟ್ಟುವ ಶಕ್ತಿ ಹೋಗುತ್ತದೆ. ಹೊಟ್ಟೆಗೆ ಸ್ಟೆರೈಲ್ ಪ್ಲಾಸ್ಟಿಕ್ ಚೀಲದ ತಾತ್ಕಾಲಿಕ ಮುಚ್ಚಿಗೆ ಮಾತ್ರ.

ಕೈಕಾಲಿನ ಗುಂಡೇಟಿನ ಗಾಯವನ್ನು ಎಷ್ಟು ಶುಭ್ರವಾಗಿ ಕಂಡರೂ ಹೊಲಿಯುವುದಿಲ್ಲ. ಸತ್ತ ಸ್ನಾಯು ತೆಗೆದು ತೆರೆದೇ ಬಿಡುತ್ತೇವೆ, ಸೋಂಕಿಲ್ಲದಿದ್ದರೆ 4–5 ದಿನದ ಮೇಲೆ ಆ ದೊಡ್ಡ ಆಸ್ಪತ್ರೆಯವರು ಮುಚ್ಚುತ್ತಾರೆ.

ಹೆಲಿಕಾಪ್ಟರ್ ಏರಿಸುವ ಮುನ್ನ ಒಳಗೆ ಬಿಟ್ಟ ಮಾಪ್‌ಗಳ ಸಂಖ್ಯೆ, ಟೂರ್ನಿಕೆಟ್ ಕಟ್ಟಿದ ಮತ್ತು ಬಿಚ್ಚಿದ ಸಮಯ, ಕೊಟ್ಟ ರಕ್ತದ ಲೆಕ್ಕ ಬರೆಯುತ್ತೇವೆ. ಚೀಟಿ ಗಾಳಿಗೆ ಹಾರಿಹೋಗಬಹುದು, ಆದ್ದರಿಂದ ಮಾಪ್ ಸಂಖ್ಯೆಯನ್ನು ಡ್ರೆಸಿಂಗ್ ಮೇಲೂ ಮಾರ್ಕರ್‌ನಲ್ಲಿ ದಪ್ಪಗೆ ಬರೆಯಿರಿ.