ಅಡಗಿಸಿಟ್ಟ ಪಿಸಿಐ ಸಾಧನವನ್ನು ಡೆಡ್‌ಲಾಕ್‌ಗೆ ಸಿಲುಕದೆ ಓದುವ ವಿಧಾನ

ಇಂಟೆಲ್‌ನ ಅನೇಕ ಚಿಪ್‌ಸೆಟ್‌ಗಳಲ್ಲಿ ಪಿಸಿಐ ಬಸ್ಸಿಗೆ (ಯಂತ್ರದ ಬಿಡಿಭಾಗಗಳನ್ನು ಜೋಡಿಸುವ ಹಾದಿಗೆ) ಸೇರಿದ ಪಿ2ಎಸ್‌ಬಿ ಎಂಬ ಸೇತುವೆ ಸಾಧನವಿದೆ. ಚಿಪ್‌ಸೆಟ್‌ನ ಒಳಗಿನ ಸೈಡ್‌ಬ್ಯಾಂಡ್ ಜಾಲವನ್ನು ತಲುಪಲು ಅದರ ಮೊದಲ ಬಾರ್‌ನಲ್ಲಿರುವ (ಸಾಧನದ ಸ್ಮೃತಿ ವಿಳಾಸವನ್ನು ಹೇಳುವ ರಿಜಿಸ್ಟರ್‌ನಲ್ಲಿರುವ) ವಿಳಾಸ ಡ್ರೈವರ್‌ಗಳಿಗೆ ಬೇಕು. ಆದರೆ ಬಯೋಸ್ ಸಾಮಾನ್ಯವಾಗಿ ಈ ಸಾಧನವನ್ನು ಅಡಗಿಸಿಯೇ ಯಂತ್ರವನ್ನು ಆಪರೇಟಿಂಗ್ ಸಿಸ್ಟಂಗೆ ಒಪ್ಪಿಸುತ್ತದೆ. ಕಾನ್ಫಿಗರೇಶನ್ ರಿಜಿಸ್ಟರ್‌ನ 8ನೆಯ ಬಿಟ್ ಅನ್ನು ಅಳಿಸಿದರೆ ಸಾಧನ ಕಾಣಿಸಿಕೊಳ್ಳುತ್ತದೆ, ಮತ್ತೆ 1 ಎಂದು ಬರೆದರೆ ಮರೆಯಾಗುತ್ತದೆ.

2022ರಲ್ಲಿ ಲಿನಕ್ಸ್ ಕರ್ನೆಲ್‌ಗೆ ಸೇರಿದ ಮೊದಲ ವಿನ್ಯಾಸದಲ್ಲಿ, ಡ್ರೈವರ್ ಕೇಳಿದಾಗಲೆಲ್ಲ ಸಾಧನವನ್ನು ತೆರೆದು, ಬಾರ್ ಓದಿ, ಮತ್ತೆ ಮುಚ್ಚಲಾಗುತ್ತಿತ್ತು. ತೆರೆದಿರುವ ಆ ಕ್ಷಣದಲ್ಲಿ ಬೇರೊಂದು ಸ್ಕ್ಯಾನ್ ಅದನ್ನು ಕಂಡುಹಿಡಿಯಬಾರದೆಂದು ಪಿಸಿಐ ರೀಸ್ಕ್ಯಾನ್ ಲಾಕ್ ಹಿಡಿಯಲಾಗುತ್ತಿತ್ತು. ಉದ್ದೇಶ ಸರಿಯಾಗಿತ್ತು, ಆದರೂ ಸಿಸ್‌ಎಫ್‌ಎಸ್‌ನ (ಕರ್ನೆಲ್ ತನ್ನ ಸಾಧನಗಳನ್ನು ಕಡತಗಳಂತೆ ತೋರಿಸುವ ವ್ಯವಸ್ಥೆಯ) ರೀಸ್ಕ್ಯಾನ್ ಕಡತಕ್ಕೆ 1 ಎಂದು ಬರೆದಾಗ ಅಪಾಯ ಎದುರಾಗುತ್ತಿತ್ತು. ರೀಸ್ಕ್ಯಾನ್ ಅದೇ ಲಾಕ್ ಹಿಡಿದುಕೊಂಡು ಹೊಸ ಸಾಧನಗಳ ಪ್ರೋಬ್ ಕಾರ್ಯವನ್ನು (ಡ್ರೈವರ್ ಸಾಧನವನ್ನು ಸಜ್ಜುಗೊಳಿಸುವ ಕಾರ್ಯವನ್ನು) ಕರೆಯುತ್ತದೆ. ಆ ಪ್ರೋಬ್ ಪಿ2ಎಸ್‌ಬಿಯ ವಿಳಾಸ ಕೇಳಿದರೆ ಅದೇ ಥ್ರೆಡ್ ಅದೇ ಲಾಕ್‌ಗಾಗಿ ಎರಡನೆಯ ಬಾರಿ ಕಾಯಲು ನಿಲ್ಲುತ್ತದೆ. ಲಿನಕ್ಸ್‌ನ ಮ್ಯೂಟೆಕ್ಸ್ (ಈ ಬಗೆಯ ಲಾಕ್) ತನ್ನನ್ನು ಹಿಡಿದಿರುವ ಥ್ರೆಡ್‌ಗೇ ಮತ್ತೊಮ್ಮೆ ಸಿಗುವಂಥದ್ದಲ್ಲ, ಆದ್ದರಿಂದ ಆ ಕಾಯುವಿಕೆಗೆ ಕೊನೆಯಿಲ್ಲ. ಇದೇ ಡೆಡ್‌ಲಾಕ್.

ಇಲ್ಲಿ ಟ್ರೈಲಾಕ್ (ಕಾಯದೆ ಲಾಕ್‌ಗೆ ಒಮ್ಮೆ ಪ್ರಯತ್ನಿಸುವ ಕರೆ) ಬಳಸುವ ಮನಸ್ಸಾಗುವುದು ಸಹಜ. ಅದನ್ನು ಬಳಸಬೇಡಿ. ಲಾಕ್ ಸಿಗದಿದ್ದಾಗ ಅದನ್ನು ಹಿಡಿದಿರುವುದು ನಮ್ಮದೇ ಥ್ರೆಡ್ಡೋ ಬೇರೆಯದೋ ಎಂಬುದು ಟ್ರೈಲಾಕ್‌ನಿಂದ ತಿಳಿಯುವುದಿಲ್ಲ. ಲಾಕ್ ಇಲ್ಲದೆಯೇ ಮುಂದುವರಿದರೆ ಯಾವ ಅಪಾಯಕ್ಕೆ ಹೆದರಿ ಲಾಕ್ ಇಟ್ಟೆವೋ ಅದೇ ಮರಳಿ ಬರುತ್ತದೆ.

ಸರಿಯಾದ ಮಾರ್ಗವೆಂದರೆ ಪ್ರೋಬ್ ನಡೆಯುವ ಹೊತ್ತಿಗೆ ಹಾರ್ಡ್‌ವೇರನ್ನು ಕೇಳುವ ಅಗತ್ಯವೇ ಉಳಿಯದಂತೆ ಮಾಡುವುದು. 2024ರ ಆರಂಭದಲ್ಲಿ ಬಂದ ತಿದ್ದುಪಡಿ ಇದನ್ನೇ ಮಾಡಿತು: ಬೂಟ್ ಸಮಯದಲ್ಲಿ, ಸಾಮಾನ್ಯ ಡ್ರೈವರ್‌ಗಳು ಏಳುವ ಮೊದಲೇ, ಎಫ್‌ಎಸ್ ಇನಿಟ್‌ಕಾಲ್ ಎಂಬ ಆರಂಭಿಕ ಹಂತದಲ್ಲಿ ಒಮ್ಮೆ ಮಾತ್ರ ಲಾಕ್ ಹಿಡಿದು ಬಾರ್‌ನ ವಿವರವನ್ನು ಕ್ಯಾಶ್‌ನಲ್ಲಿ ಇಡಲಾಗುತ್ತದೆ, ಅನಂತರ ಕೇಳುವ ಡ್ರೈವರ್‌ಗೆ ಲಾಕ್ ಇಲ್ಲದೆ ಅದರ ಪ್ರತಿ ಸಿಗುತ್ತದೆ. ನಿಮ್ಮ ಡ್ರೈವರ್‌ನಲ್ಲಿ ಇದನ್ನು ಅನುಸರಿಸುವಾಗ ಹಂತದ ಆಯ್ಕೆಯ ಬಗ್ಗೆ ಎಚ್ಚರವಿರಲಿ. ಎಕ್ಸ್86ನಲ್ಲಿ ಬಾಕಿ ಉಳಿದ ಪಿಸಿಐ ಸಂಪನ್ಮೂಲಗಳ ಹಂಚಿಕೆಯೂ ಎಫ್‌ಎಸ್ ಇನಿಟ್‌ಕಾಲ್‌ನಲ್ಲೇ ನಡೆಯುವುದರಿಂದ, ಅದು ಮುಗಿದ ಮೇಲೆಯೇ ಓದುವಂತೆ ಈ ಕೆಲಸವನ್ನು ಮುಂದೆ ಅದರ ಬೆನ್ನಿಗೇ ಬರುವ ಸಿಂಕ್ ಹಂತಕ್ಕೆ ಸರಿಸಬೇಕಾಯಿತು.

ಕ್ಯಾಶ್ ತುಂಬುವಾಗ ಬಾರ್‌ನ ವಿವರವಿರುವ ರಿಸೋರ್ಸ್ ರಚನೆಯನ್ನು ಇಡಿಯಾಗಿ ನಕಲಿಸಬಾರದು. ಅದರೊಳಗಿನ ಹೆಸರಿನ ಪಾಯಿಂಟರ್ ಸಾಧನದ ಸ್ಮೃತಿಗೆ ಸೇರಿದ್ದು. ಓದಿದ ಬಳಿಕ ಸಾಧನವನ್ನು ತೆಗೆದುಹಾಕಿದರೆ ಆ ಪಾಯಿಂಟರ್ ಅನಾಥವಾಗುತ್ತದೆ. ಆರಂಭದ ವಿಳಾಸ, ಕೊನೆಯ ವಿಳಾಸ, ಫ್ಲ್ಯಾಗ್‌ಗಳಂಥ ಮೌಲ್ಯಗಳನ್ನಷ್ಟೇ ತೆಗೆದುಕೊಳ್ಳಿ. ಕೆಲಸ ಮುಗಿದ ಮೇಲೆ ಅಡಗಿಸುವ ಬಿಟ್ ಅನ್ನು ಮೊದಲಿದ್ದ ಸ್ಥಿತಿಗೇ ಮರಳಿಸಿ. ಬಯೋಸ್ ತೆರೆದೇ ಬಿಟ್ಟಿದ್ದ ಸಾಧನವನ್ನು ನೀವು ಮುಚ್ಚಬಾರದು, ಬಸ್ಸಿನಿಂದ ಕಿತ್ತುಹಾಕಲೂ ಬಾರದು.

ಬೇಕಾದುದಕ್ಕಿಂತ ಹೆಚ್ಚು ಓದಬೇಡಿ ಎಂಬುದನ್ನು ನಾನು ವಿಶೇಷವಾಗಿ ಒತ್ತಿ ಹೇಳುತ್ತೇನೆ, ಏಕೆಂದರೆ ಒಳ್ಳೆಯ ತಿದ್ದುಪಡಿಯೂ ಇಲ್ಲಿ ಎಡವಿತ್ತು. ಗೋಲ್ಡ್‌ಮಾಂಟ್ ಪ್ರೊಸೆಸರ್‌ಗಳಲ್ಲಿ ಪಿ2ಎಸ್‌ಬಿ ಇರುವುದು 13ನೆಯ ಸಾಧನದ 0ನೆಯ ಫಂಕ್ಷನ್‌ನಲ್ಲಿ (ಸಾಧನದೊಳಗಿನ ಉಪಘಟಕದಲ್ಲಿ), ಎಸ್‌ಪಿಐ ಎಂಬ ಸರಣಿ ಸಂಪರ್ಕದ ನಿಯಂತ್ರಕ ಇರುವುದು 2ನೆಯದರಲ್ಲಿ. ಬೇರೆ ಯಾವುದನ್ನೂ ಯಾವ ಡ್ರೈವರೂ ಕೇಳುವುದಿಲ್ಲ. ಆದರೂ ಮೊದಲ ತಿದ್ದುಪಡಿ ಎಂಟೂ ಫಂಕ್ಷನ್‌ಗಳನ್ನು ಸ್ಕ್ಯಾನ್ ಮಾಡಿದ್ದರಿಂದ ಒಂದು ಲ್ಯಾಪ್‌ಟಾಪ್‌ನಲ್ಲಿ ಎಸಿಪಿಐ (ಫರ್ಮ್‌ವೇರ್ ಮತ್ತು ಆಪರೇಟಿಂಗ್ ಸಿಸ್ಟಂ ನಡುವಿನ ಸಂಪರ್ಕ ವ್ಯವಸ್ಥೆ) ದೋಷಗಳು ಎಡೆಬಿಡದೆ ಬಂದು ಸಿಪಿಯು ಬಳಕೆ ಏರಿತು. 2024ರಲ್ಲೇ ಅದನ್ನು ಆ ಎರಡಕ್ಕೆ ಸೀಮಿತಗೊಳಿಸಲಾಯಿತು.

ಪರೀಕ್ಷೆಗೆ, ಲಾಕ್‌ಡೆಪ್ (ಲಾಕ್ ಬಳಕೆಯ ತಪ್ಪುಗಳನ್ನು ಹಿಡಿಯುವ ಕರ್ನೆಲ್ ಸಾಧನ) ತಪಾಸಣೆಯನ್ನು ಸಕ್ರಿಯಗೊಳಿಸಿ ಕಟ್ಟಿದ ಕರ್ನೆಲ್‌ನಲ್ಲಿ ನಿಮ್ಮ ಸಾಧನವನ್ನು ಸಿಸ್‌ಎಫ್‌ಎಸ್ ಮೂಲಕ ತೆಗೆದು, ಬಸ್ಸನ್ನು ರೀಸ್ಕ್ಯಾನ್ ಮಾಡಿಸಿ. ಪ್ರೋಬ್‌ನ ಹಾದಿಯಲ್ಲಿ ಆ ಲಾಕ್‌ಗೆ ಎಲ್ಲಾದರೂ ಮತ್ತೆ ಕೈಹಾಕಿದ್ದರೆ ಕರ್ನೆಲ್ ಲಾಗ್‌ನಲ್ಲಿ ಅದರ ಕರೆಗಳ ಸರಣಿ ಸಮೇತ ಎಚ್ಚರಿಕೆ ಬರುತ್ತದೆ.