ದೇಶ ಬಿಟ್ಟು ಆಡಲು ಹೊರಟ ಆಲ್‌ರೌಂಡರ್‌ಗೆ

ಆರನೇ ಕ್ರಮಾಂಕದ ಬ್ಯಾಟಿಂಗು, ಎಡಗೈ ಮಧ್ಯಮ ವೇಗ. ಇವೆರಡನ್ನೇ ನಂಬಿಕೊಂಡು ಇಂಗ್ಲೆಂಡಿನ ಕ್ರಿಕೆಟ್ ಕ್ಲಬ್ಬೊಂದಕ್ಕೆ ಆಡಲು ಹೋದವನು ನಾನು. ಈಗ ಕೋಚಿಂಗ್ ಮಾಡುತ್ತೇನೆ. ‘ಸರ್, ಹೊರಗಡೆ ಹೋಗಿ ಆಡ್ಬೇಕು, ಏನ್ಮಾಡ್ಲಿ?’ ಅಂತ ಕೇಳುವ ಹುಡುಗರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಕಾಗದಪತ್ರ. ನಿಮ್ಮ ಕ್ರಿಕೆಟ್ ಮಂಡಳಿಯಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತೆಗೆದುಕೊಳ್ಳಿ. ದುಡ್ಡು ಪಡೆದು ಆಡಲು ವೀಸಾದಲ್ಲಿ ಅವಕಾಶ ಇದೆಯೇ ಎಂದು ನೀವೇ ಓದಿ ನೋಡಿ. ನಾನು ಏಜೆಂಟನ ಮಾತು ನಂಬಿ ಮೊದಲ ಮೂರು ವಾರ ಪೆವಿಲಿಯನ್ನಿನಲ್ಲಿ ಕೂತು ಸ್ಕೋರು ಬರೆದೆ.

ಆ ದೇಶದ ತಂಡಕ್ಕೇ ಆಡುವ ಆಸೆಯಿದ್ದರೆ ಲೆಕ್ಕ ಬೇರೆ. ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ (ಐಸಿಸಿ) ನಿಯಮದಂತೆ ಅಲ್ಲಿ ಹುಟ್ಟಿರಬೇಕು, ಇಲ್ಲವೇ ಅಲ್ಲಿನ ಪೌರರಾಗಿರಬೇಕು, ಅದೂ ಇಲ್ಲದಿದ್ದರೆ 3 ವರ್ಷ ಅಲ್ಲೇ ವಾಸವಿರಬೇಕು. ನ್ಯೂಜಿಲೆಂಡಿನ ಕೋರಿ ಆ್ಯಂಡರ್ಸನ್ ನೆನಪಿರಬೇಕಲ್ಲ? 2014ರ ಜನವರಿ 1ರಂದು ಕ್ವೀನ್ಸ್‌ಟೌನ್‌ನಲ್ಲಿ 36 ಎಸೆತಕ್ಕೆ ಶತಕ ಚಚ್ಚಿದವರು. ನ್ಯೂಜಿಲೆಂಡ್ ಪರ ಕೊನೆಯದಾಗಿ ಆಡಿದ್ದು 2018ರಲ್ಲಿ, ಅಮೆರಿಕದ ಜೆರ್ಸಿ ತೊಟ್ಟದ್ದು 2024ರಲ್ಲಿ. ದಕ್ಷಿಣ ಆಫ್ರಿಕಾಕ್ಕೆ ಆಡಿದ್ದ ಆಲ್‌ರೌಂಡರ್ ಡೇವಿಡ್ ವೀಸಾ ಅವರಿಗೆ ಆಮೇಲೆ ನಮೀಬಿಯಾ ತಂಡಕ್ಕೆ ಆಡಲು, ತಂದೆ ಅಲ್ಲಿ ಹುಟ್ಟಿದ್ದು ನೆರವಾಯಿತು. ನಿಮಗೆ ಅಂಥ ತಂದೆ ಇಲ್ಲದಿದ್ದರೆ ದಿನ ಎಣಿಸಿ.

ಇನ್ನು ಆಟ. ಆಲ್‌ರೌಂಡರ್ ಎರಡೂ ಕೆಲಸವನ್ನು ಒಟ್ಟಿಗೆ ಹೊಸ ಪಿಚ್‌ಗೆ ಒಗ್ಗಿಸಲು ಹೋಗಬಾರದು ಅನ್ನುವುದು ನನ್ನ ಹಟ. ಮೊದಲು ಬೌಲಿಂಗ್ ಸರಿಮಾಡಿಕೊಳ್ಳಿ. ಬ್ಯಾಟ್ಸ್‌ಮನ್ ಒಂದೇ ತಪ್ಪಿಗೆ ಮನೆಗೆ ಹೋಗುತ್ತಾನೆ, ಬೌಲರ್‌ಗೆ ಮುಂದಿನ ಎಸೆತ ಇರುತ್ತದೆ. ಇಂಗ್ಲೆಂಡಿನಲ್ಲಿ ನನಗೆ ಆದದ್ದು ಕೇಳಿ: ಮೇ ತಿಂಗಳು, ಒದ್ದೆ ಪಿಚ್. ಊರಲ್ಲಿ ಹಾಕುತ್ತಿದ್ದ ಲೆಂಗ್ತ್‌ನಲ್ಲೇ (ಚೆಂಡು ನೆಲಕ್ಕೆ ಬೀಳುವ ದೂರದಲ್ಲೇ) ಹಾಕಿದೆ; ಚೆಂಡು ನಿಂತು ನಿಂತು ಬಂತು, ಅವರು ಆರಾಮಾಗಿ ಎಳೆದು ಹೊಡೆದರು. ಮಾರನೇ ವಾರ ಪಿಚ್ ನೋಡಿಕೊಳ್ಳುವ ಮುದುಕ ನನ್ನ ಕೈ ಹಿಡಿದು ಹೆಬ್ಬೆರಳನ್ನು ನೆಲಕ್ಕೆ ಒತ್ತಿಸಿದ. ಗುರುತು ಉಳಿಯಿತು. ‘ಗುರುತು ಬಿದ್ದರೆ ಚೆಂಡನ್ನು ಬ್ಯಾಟ್ಸ್‌ಮನ್ ಕಡೆಗೆ ಎರಡು ಹೆಜ್ಜೆ ಮುಂದೆ ಹಾಕು’ ಅಂದ. ಅವತ್ತಿನಿಂದ ಟಾಸ್‌ಗೆ ಮೊದಲು ಹೆಬ್ಬೆರಳು ಒತ್ತದೆ ನಾನು ಬೌಲಿಂಗ್ ಮಾಡಿಲ್ಲ. ಚೆಂಡೂ ಬೇರೆ: ಇಂಗ್ಲೆಂಡಿನ ಡ್ಯೂಕ್ಸ್ ಚೆಂಡಿನ ಹೊಲಿಗೆ ಕೈಯದು, ಬಹಳ ಹೊತ್ತು ಎದ್ದಿರುತ್ತದೆ. ಆಸ್ಟ್ರೇಲಿಯಾದ ಕೂಕಬುರಾ ಚೆಂಡಿನ ಹೊಲಿಗೆ ಬೇಗ ಕೂತುಬಿಡುತ್ತದೆ. ಹೊರಡುವ ಎರಡು ತಿಂಗಳು ಮೊದಲೇ ಅಲ್ಲಿ ಬಳಸುವ ಚೆಂಡು ತರಿಸಿ ಅದರಲ್ಲೇ ಅಭ್ಯಾಸ ಮಾಡಿ.

ಬ್ಯಾಟಿಂಗಿಗೆ ಒಂದೇ ಮಾತು: ಮೊದಲ ಇಪ್ಪತ್ತು ಎಸೆತ ಎದ್ದು ಬರುವ ಚೆಂಡನ್ನು ಡ್ರೈವ್ ಮಾಡಬೇಡಿ. ಕಣ್ಣಿನ ಕೆಳಗೆ ಬರುವವರೆಗೂ ಕಾಯಿರಿ. ನಾನು ಕಾಯದೆ ಮೂರು ಪಂದ್ಯದಲ್ಲಿ ಮೂರು ಸಲ ಮಿಡ್ ಆಫ್‌ಗೆ ಕ್ಯಾಚ್ ಕೊಟ್ಟೆ. ಕೇಪ್‌ಟೌನಿನ ಮ್ಯಾಟಿಂಗ್ (ಚಾಪೆ ಹಾಸಿದ ಪಿಚ್) ಮೇಲೆ ಆಡಿ ಬೆಳೆದ, ಮುಂದೆ ಇಂಗ್ಲೆಂಡ್ ತಂಡಕ್ಕೆ ಆಡಿದ ಬೇಸಿಲ್ ಡಿ’ಒಲಿವೆರಾ 1960ರಲ್ಲಿ ಇಂಗ್ಲೆಂಡಿನ ಮಿಡಲ್‌ಟನ್ ಕ್ಲಬ್ಬಿಗೆ ಬಂದಾಗಲೂ ಆರಂಭದಲ್ಲಿ ರನ್ ಬಂದಿರಲಿಲ್ಲ. ಸೀಸನ್ ಮುಗಿಯುವಷ್ಟರಲ್ಲಿ ಲೀಗ್‌ನ ಬ್ಯಾಟಿಂಗ್ ಸರಾಸರಿಯಲ್ಲಿ ಅವರೇ ಮೊದಲಿಗರು.

ಸೊಂಟದ ಬಗ್ಗೆ ಹುಷಾರು. ಸಂಬಳ ಕೊಟ್ಟು ಕರೆಸಿದವನ ಕೈಗೆ ನಾಯಕ ಚೆಂಡು ಕೊಟ್ಟರೆ ವಾಪಸ್ ಕೇಳುವುದೇ ಇಲ್ಲ, ಒಂದು ಕಡೆಯಿಂದ ಕೊನೆಯವರೆಗೂ ನೀವೇ. ನೆಟ್ಸ್‌ನಲ್ಲಿ ಹಾಕಿದ್ದೂ ಸೇರಿಸಿ ದಿನದ ಎಸೆತಗಳನ್ನು ಪುಸ್ತಕದಲ್ಲಿ ಬರೆದಿಡಿ, ಒಂದು ವಾರದಿಂದ ಇನ್ನೊಂದಕ್ಕೆ ಏಕಾಏಕಿ ಏರಿಸಬೇಡಿ. ಬರೆಯದ ನನಗೆ ಬೆನ್ನುಮೂಳೆಯಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್ ಆಗಿ ಎರಡನೇ ಸೀಸನ್ ಪೂರ್ತಿ ಹೋಯಿತು.

ವಸತಿ, ಮಕ್ಕಳ ಕೋಚಿಂಗ್, ರೋಲರ್ ಎಳೆಯುವ ಕೆಲಸ, ಎಲ್ಲವೂ ಒಪ್ಪಂದದಲ್ಲಿ ಬರಹದಲ್ಲಿರಲಿ. ಬರಹದಲ್ಲಿರದ್ದೂ ಒಂದಿದೆ. ಅಲ್ಲಿನ ಹಳೆಯ ಲೀಗ್ ಕ್ಲಬ್ಬುಗಳಲ್ಲಿ ಐವತ್ತು ಹೊಡೆದವನಿಗಾಗಿ ದುಡ್ಡು ಕೂಡಿಸಲು ಪ್ರೇಕ್ಷಕರ ನಡುವೆ ಡಬ್ಬಿ ತಿರುಗಿಸುತ್ತಾರೆ. ಆ ಸಂಜೆ ಜತೆಗಾರರಿಗೆ ಕುಡಿಯಲು ಒಂದು ಸುತ್ತು ನೀವು ಕೊಡಿಸಬೇಕು. ಇದು ಗೊತ್ತಿಲ್ಲದೆ ನನ್ನ ಮೊದಲ ಡಬ್ಬಿಯ ಚಿಲ್ಲರೆಯನ್ನು ಕಿಟ್‌ಬ್ಯಾಗಿಗೆ ಸುರಿದುಕೊಂಡು ಸೀದಾ ರೂಮಿಗೆ ಹೋಗಿದ್ದೆ.